ಕುಮಟೆಯ ಹತ್ತಿ, ಕಾರವಾರದ ನೀರು

ಹಲವು ವರ್ಷಗಳ ಹಿಂದಿನ ಮಾತು. ತರಗತಿಯಲ್ಲಿ ಕರಾವಳಿಯ ಕಡೆಯ ಹುಡುಗನೊಬ್ಬ ಎದ್ದು ನಿಂತು, "ಸರ್, ಹಳೆಯ ಪುಸ್ತಕಗಳಲ್ಲಿ ಕುಮಟಾ ಹತ್ತಿ ಎಂಬ ಮಾತು ಬರುತ್ತದಲ್ಲ, ನಮ್ಮ ಕುಮಟೆಯಲ್ಲಿ ಹತ್ತಿಯ ಗಿಡವನ್ನೇ ನಾನು ನೋಡಿಲ್ಲ" ಎಂದ. ಕನ್ನಡದ ಅಧ್ಯಾಪಕನಾದ ನನಗೆ ಹಳಗನ್ನಡದ ಕ್ಲಿಷ್ಟ ಪ್ರಯೋಗವನ್ನು ಕೇಳಿದ್ದರೆ ಏನಾದರೂ ಹೇಳಿ ಪಾರಾಗಬಹುದಾಗಿತ್ತು. ಇದಕ್ಕೆ ಉತ್ತರ ತಕ್ಷಣ ಹೊಳೆಯಲಿಲ್ಲ. ನಾಳೆ ಹೇಳುತ್ತೇನೆಂದು ಅವನನ್ನು ಕೂಡಿಸಿದೆ. ಆ ನಾಳೆ ಬರುವುದಕ್ಕೆ ಬಹಳ ದಿನ ಹಿಡಿಯಿತು. ಹುಡುಗ ಅಷ್ಟರಲ್ಲಿ ಪರೀಕ್ಷೆ ಮುಗಿಸಿ ಹೊರಟುಹೋಗಿದ್ದ. ಇಂದು ನಾನು ಹೇಳಹೊರಟಿರುವುದು ಅವನಿಗೆ ಸಲ್ಲಬೇಕಾಗಿದ್ದ ಉತ್ತರವನ್ನೇ.

ಕುಮಟಾ ಹತ್ತಿ ಬೆಳೆದದ್ದು ಧಾರವಾಡದ ಸೀಮೆಯ ಕರಿಮಣ್ಣಿನಲ್ಲಿ. ಅಲ್ಲಿಂದ ಅದು ಎತ್ತುಗಳ ಬೆನ್ನ ಮೇಲೆ, ಆಮೇಲೆ ಗಾಡಿಗಳಲ್ಲಿ, ಶಿರಸಿಯನ್ನು ದಾಟಿ ದೇವಿಮನೆ ಘಟ್ಟವನ್ನಿಳಿದು ಕುಮಟೆಗೆ ಬರುತ್ತಿತ್ತು. ಕುಮಟೆಯ ಪೇಟೆಯಲ್ಲಿ ತೂಗಿ, ಬೆಲೆ ಕಟ್ಟಿ, ದೋಣಿಗೆ ಹೇರಿ ಮುಂಬಯಿಗೆ ಕಳಿಸುತ್ತಿದ್ದರು. ಮುಂಬಯಿಯ ದಲ್ಲಾಳಿಗೂ ಅವನಿಂದ ಕೊಂಡ ಲಿವರ್‌ಪೂಲಿನ ವ್ಯಾಪಾರಿಗೂ ಆ ಸರಕು ಯಾವ ಹೊಲದ್ದೆಂಬುದು ಬೇಕಿರಲಿಲ್ಲ, ಯಾವ ಬಂದರಿನಿಂದ ಬಂತೆಂಬುದಷ್ಟೇ ಬೇಕಾಗಿತ್ತು. ಹೀಗೆ ಬೆಳೆದ ಮಣ್ಣಿನ ಹೆಸರು ಅಳಿಸಿಹೋಗಿ, ಎತ್ತಿನಿಂದ ದೋಣಿಗೆ ಬದಲಾದ ಜಾಗದ ಹೆಸರು ಉಳಿಯಿತು.

ಇಂಥ ಜಾಗಗಳಿಗೆ ನಮ್ಮಲ್ಲಿ ಒಂದೇ ಹೆಸರಿಲ್ಲ. ಹೊಳೆಯಲ್ಲಿ ಅದು ಕಡವು, ಕಡಲಲ್ಲಿ ಬಂದರು, ರೈಲಿನ ದಾರಿಯಲ್ಲಿ ಜಂಕ್ಷನ್, ಬಸ್ಸಿನ ಮಟ್ಟಿಗೆ ನಿಲ್ದಾಣ. ಆದರೆ ಅಲ್ಲೆಲ್ಲ ನಡೆಯುವ ಕೆಲಸ ಒಂದೇ: ಒಂದು ಬಗೆಯ ಪ್ರಯಾಣ ಮುಗಿದು ಇನ್ನೊಂದು ಬಗೆಯ ಪ್ರಯಾಣ ತೊಡಗುವುದು. ಅಂಥ ಜಾಗ ಎಲ್ಲಿರಬೇಕೆಂದು ಯಾರು ನಿರ್ಣಯಿಸುತ್ತಾರೆ, ಏನನ್ನು ನೋಡಿ ನಿರ್ಣಯಿಸುತ್ತಾರೆ? ಈ ಪ್ರಶ್ನೆಗೆ ನಮ್ಮ ಉತ್ತರ ಕನ್ನಡದ ಕರಾವಳಿ 1860ರ ದಶಕದಲ್ಲಿ ಒಂದು ದೊಡ್ಡ ಪರೀಕ್ಷೆಯನ್ನೇ ಎದುರಿಸಿತು. ಪರೀಕ್ಷೆ ಬರೆದವರು ಬೇರೆ, ಫಲಿತಾಂಶವನ್ನು ಉಂಡವರು ಬೇರೆ.

ಮೊದಲು ಈ ಕರಾವಳಿಯ ಮೈಕಟ್ಟನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳಬೇಕು. ಉತ್ತರದಿಂದ ದಕ್ಷಿಣಕ್ಕೆ ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ಎಂಬ ನಾಲ್ಕು ನದಿಗಳು ಘಟ್ಟದಿಂದಿಳಿದು ಕಡಲು ಸೇರುತ್ತವೆ. ನಕಾಶೆಯಲ್ಲಿ ನೋಡಿದರೆ ನಾಲ್ಕೂ ಕಡೆ ಬಂದರಿಗೆ ಹೇಳಿ ಮಾಡಿಸಿದ ಜಾಗವೆನ್ನಿಸುತ್ತದೆ. ಆದರೆ ಪ್ರತಿಯೊಂದು ಅಳಿವೆಯ ಬಾಯಲ್ಲೂ ಹೊಯಿಗೆಯ ದಿಬ್ಬ. ಮಳೆಗಾಲದ ಪ್ರವಾಹ ಅದನ್ನು ಒಂದು ಕಡೆ ಕೊಚ್ಚುತ್ತದೆ, ಕಡಲಿನ ತೆರೆ ಇನ್ನೊಂದು ಕಡೆ ಕಟ್ಟುತ್ತದೆ. ಜೂನ್ ತಿಂಗಳು ಬಂತೆಂದರೆ ನೈಋತ್ಯ ಮಾರುತ ಕಡಲಿನ ಬಾಗಿಲಿಗೆ ಬೀಗ ಜಡಿದಂತೆ. ನವರಾತ್ರಿಯ ಸುಮಾರಿಗೆ ಅದು ತೆರೆಯುವವರೆಗೆ ಹಾಯಿ ಕಟ್ಟಿದ ಮಚವೆಗಳೆಲ್ಲ ದಡದ ಮೇಲೆ ತೆಂಗಿನ ಗರಿಯ ಮರೆಯಲ್ಲಿ. ಬೆನ್ನಿಗೆ ಸಹ್ಯಾದ್ರಿಯ ಗೋಡೆ. ಈ ಗೋಡೆಯಲ್ಲಿ ಎತ್ತು ಇಳಿಯುವಂಥ ಸೀಳು ಎಲ್ಲಿದೆಯೋ ಅಲ್ಲಿಯೇ ಕಡಲಿನಲ್ಲಿ ಹಡಗು ನಿಲ್ಲುವಂಥ ಮರೆಯೂ ಇದ್ದರೆ ಸಮಸ್ಯೆಯೇ ಇರುತ್ತಿರಲಿಲ್ಲ. ನಿಸರ್ಗ ಆ ಎರಡನ್ನೂ ಒಂದೇ ಕಡೆ ಇಟ್ಟಿರಲಿಲ್ಲ.

ಕುಮಟೆಯ ಕಡಲು ಬಂದರೆಂಬ ಹೆಸರಿಗೇ ತಕ್ಕದ್ದಲ್ಲ. ಊರಿನ ಪಕ್ಕದ ಸಣ್ಣ ಖಾರಿಯೊಳಗೆ ದೊಡ್ಡ ಹಡಗು ಬರುವಂತಿರಲಿಲ್ಲ. ಅದು ಹೊರಗೆ ತೆರೆದ ಕಡಲಿನಲ್ಲಿ ಲಂಗರು ಹಾಕಬೇಕು, ಹತ್ತಿಯ ಅಂಡಿಗೆಗಳನ್ನು ಸಣ್ಣ ದೋಣಿಗಳಲ್ಲಿ ಅಲ್ಲಿಯವರೆಗೆ ಸಾಗಿಸಬೇಕು. ತೆರೆ ಹೆಚ್ಚಾದರೆ ಹತ್ತಿ ನೆನೆಯಿತು. ಕಡಲನ್ನು ಬಲ್ಲ ಯಾವ ಇಂಜಿನಿಯರನೂ ಈ ಜಾಗಕ್ಕೆ ಒಳ್ಳೆಯ ಅಂಕ ಕೊಡಲಾರ.

ಹಾಗಿದ್ದೂ ಹತ್ತಿ ಅಲ್ಲಿಗೇ ಬರುತ್ತಿತ್ತು. ಏಕೆಂಬುದನ್ನು ಕಡಲಿನ ಕಡೆಯಿಂದಲ್ಲ, ಎತ್ತಿನ ಕಡೆಯಿಂದ ನೋಡಬೇಕು. ಘಟ್ಟ ಇಳಿದು ಬಂದ ಎತ್ತು ಬರಿಬೆನ್ನಿನಲ್ಲಿ ಹತ್ತುವುದೆಂದರೆ ಒಡೆಯನಿಗೆ ಅರ್ಧ ನಷ್ಟ. ಮರಳಿ ಹೋಗುವಾಗ ಹೇರಲು ಏನಾದರೂ ಬೇಕು. ಕುಮಟೆಗೆ ಸಮೀಪದಲ್ಲಿಯೇ, ಅಘನಾಶಿನಿಯ ಹಿನ್ನೀರಿನ ಅಂಚಿನಲ್ಲಿ, ಸಾಣಿಕಟ್ಟಾದ ಉಪ್ಪಿನ ಆಗರಗಳಿವೆ. ಬಯಲುಸೀಮೆಯ ಮನೆಯಲ್ಲಿ ಉಪ್ಪಿಲ್ಲದೆ ದಿನ ಕಳೆಯುವುದಿಲ್ಲವಷ್ಟೆ. ಹತ್ತಿ ಇಳಿಸಿದ ಎತ್ತು ಉಪ್ಪು, ತೆಂಗಿನಕಾಯಿ, ಒಣಮೀನುಗಳನ್ನು ಹೊತ್ತು ಮರಳುತ್ತಿತ್ತು. ಇದರ ಜೊತೆಗೆ ದಾರಿಯುದ್ದಕ್ಕೂ ಎತ್ತಿಗೆ ನೀರು, ಮೇವು, ರಾತ್ರಿ ತಂಗಲು ಕಟ್ಟೆ. ಪೇಟೆಯಲ್ಲಿ ಮಳೆಗೆ ಸೋರದ ಗೋದಾಮು. ಮುಂದಿನ ಸುಗ್ಗಿಯ ಮೇಲೆ ಇಂದೇ ಹಣ ಕೊಡುವ ಸಾಹುಕಾರ. ಮುಂಬಯಿಯಲ್ಲಿ ನಡೆಯುವ ಹುಂಡಿ. ಇವೆಲ್ಲ ತಲೆಮಾರುಗಳಿಂದ ಒಂದರ ಪಕ್ಕಕ್ಕೊಂದು ಬಂದು ಕೂತವು. ಬಂದರು ಕೆಟ್ಟದಾಗಿದ್ದರೂ ಪೇಟೆ ಗಟ್ಟಿಯಾಗಿತ್ತು.

ಅಲ್ಲಿಂದ ಸುಮಾರು 70 ಕಿಲೋಮೀಟರ್ ಉತ್ತರಕ್ಕೆ, ಕಾಳಿಯ ಮುಖದಲ್ಲಿ, ಇದರ ತದ್ವಿರುದ್ಧ ಚಿತ್ರ. ನದಿಯ ಉತ್ತರದ ದಡದಲ್ಲಿ ಸದಾಶಿವಗಡದ ಕೋಟೆ. ದಕ್ಷಿಣದಲ್ಲಿ ಕಡಲಿಗೆ ಚಾಚಿದ ಗುಡ್ಡ. ಆ ಗುಡ್ಡದ ಮಗ್ಗುಲಲ್ಲಿ ನೈಋತ್ಯದ ಗಾಳಿಗೆ ಬೆನ್ನು ತಿರುಗಿಸಿದ ಬೈತಖೋಲಿನ ಮರೆ. ಮುಂದೆ ಕಾವಲು ನಿಂತಂತೆ ದೇವಗಡವೇ ಮೊದಲಾದ ನಡುಗಡ್ಡೆಗಳು. ಮುಂಬಯಿಯಿಂದ ಕೊಚ್ಚಿಯವರೆಗಿನ ದಂಡೆಯಲ್ಲಿ ನಿಸರ್ಗವೇ ಕಟ್ಟಿಕೊಟ್ಟ ಇಂಥ ಆಸರೆಗಳು ವಿರಳ. ಇಂಗ್ಲಿಷರು ಹದಿನೇಳನೆಯ ಶತಮಾನದಲ್ಲಿಯೇ ಇಲ್ಲಿ ಮೆಣಸಿಗಾಗಿ ಕೋಠಿ ಇಟ್ಟಿದ್ದರು. ಆದರೆ ಹತ್ತೊಂಬತ್ತನೆಯ ಶತಮಾನದ ನಡುವಿಗೆ ಅಲ್ಲಿ ಉಳಿದಿದ್ದುದು ನೀರಿನ ಚೆಲುವು ಮಾತ್ರ. ಹೇಳಿಕೊಳ್ಳುವಂಥ ಪೇಟೆಯಿರಲಿಲ್ಲ, ಧಾರವಾಡದಿಂದ ಗಾಡಿ ಇಳಿಯುವ ದಾರಿಯೂ ಇರಲಿಲ್ಲ. ಬೆನ್ನಿಗಿದ್ದ ಕಾಳಿಯ ಕಣಿವೆ ದಟ್ಟವಾದ ಕಾಡು, ಚಳಿಜ್ವರದ ಬೀಡು.

ಈ ಎರಡು ಜಾಗಗಳ ನಡುವಣ ಆಯ್ಕೆ ನಮ್ಮವರ ಕೈಯಲ್ಲಿದ್ದಿದ್ದರೆ ಬಹುಶಃ ಆಯ್ಕೆಯೇ ನಡೆಯುತ್ತಿರಲಿಲ್ಲ. ಇದ್ದದ್ದು ಇದ್ದ ಹಾಗೆ ಸಾಗುತ್ತಿತ್ತು. ಅದನ್ನು ಅವಸರದ ಪ್ರಶ್ನೆಯಾಗಿ ಮಾಡಿದ್ದು ಮ್ಯಾಂಚೆಸ್ಟರು. ಅಲ್ಲಿಯ ಗಿರಣಿಗಳು ಬಹುಪಾಲು ಅಮೆರಿಕದ ಹತ್ತಿಯನ್ನೇ ನೆಚ್ಚಿದ್ದವು. ಆ ದೇಶದಲ್ಲಿ ಗುಲಾಮಗಿರಿಯ ಪ್ರಶ್ನೆ ಬಿಸಿಯೇರುತ್ತಿದ್ದಂತೆ ಗಿರಣಿಯ ಒಡೆಯರಿಗೆ ಗಾಬರಿ ಹುಟ್ಟಿ, 1860ರಲ್ಲಿ ಮ್ಯಾಂಚೆಸ್ಟರ್ ಕಾಟನ್ ಕಂಪನಿಯನ್ನು ಕಟ್ಟಿದರು. 1861ರಲ್ಲಿ ಅಂತರ್ಯುದ್ಧ ಹೊತ್ತಿಕೊಂಡಿತು. ಧಾರವಾಡದ ಹೊಲಗಳಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜದ ಹತ್ತಿ ಬೇರು ಬಿಟ್ಟಿದ್ದುದರಿಂದ ಎಲ್ಲರ ಕಣ್ಣು ಈ ಕಡೆ ತಿರುಗಿತು. ಕಂಪನಿಯ ಕಾರ್ಯದರ್ಶಿ ಹೇವುಡ್ ಎಂಬಾತ ಸ್ವತಃ ಬಂದು ಹತ್ತಿಯ ಸೀಮೆಯನ್ನೂ ಕರಾವಳಿಯನ್ನೂ ಸುತ್ತಿದ. ಅವನಿಗೆ ಒಪ್ಪಿಗೆಯಾದದ್ದು ಸದಾಶಿವಗಡ. ಅಂದಿನ ಇಂಗ್ಲಿಷ್ ಬರಹಗಳಲ್ಲಿ ಆ ಹೆಸರು ಸೆಡಾಶೆಗರ್ ಎಂದು ವಿಕಾರಗೊಂಡು ಬರುತ್ತದೆ. ಪಾಪ, ಸದಾಶಿವನಿಗೂ ತನ್ನ ಹೆಸರು ಗುರುತು ಸಿಕ್ಕಿರಲಾರದು.

ಹೇವುಡ್ಡನ ಎಣಿಕೆಯಲ್ಲಿ ತರ್ಕದೋಷವಿರಲಿಲ್ಲ. ಮುಂಬಯಿಯ ಮಧ್ಯವರ್ತಿಗಳ ಹಂಗಿಲ್ಲದೆ ಹತ್ತಿಯನ್ನು ಕೊಂಡು, ಬಂದರಿನಲ್ಲೇ ಯಂತ್ರದಿಂದ ಒತ್ತಿ, ನೇರವಾಗಿ ಇಂಗ್ಲೆಂಡಿಗೆ ಸಾಗಿಸಬೇಕು. ಅದಕ್ಕೆ ದೊಡ್ಡ ಹಡಗು ನಿಲ್ಲುವ ನೀರು ಬೇಕು, ಅದು ಇಲ್ಲಿದೆ. ರಸ್ತೆಯಿಲ್ಲ, ನಿಜ, ಸರಕಾರ ಮಾಡಿಕೊಡುತ್ತದೆ. ಈ ನಂಬಿಕೆಯ ಮೇಲೆ 1862ರಲ್ಲಿ ಯಂತ್ರಗಳೂ ಕೆಲಸಗಾರರೂ ಕಡಲು ದಾಟಿ ಬಂದರು. ಬಂದು ನೋಡಿದರೆ ಯಂತ್ರ ಇಳಿಸಲು ಧಕ್ಕೆಯಿಲ್ಲ, ಘಟ್ಟಕ್ಕೆ ಹೋಗುವ ದಾರಿ ಮುಗಿದಿಲ್ಲ. ಕಂಪನಿ ಸರಕಾರವನ್ನು ಬೈದಿತು. ಸರಕಾರ ಕಂಪನಿಯ ಆತುರವನ್ನು ಬೈದಿತು. ಕೆಲವೇ ವರ್ಷಗಳಲ್ಲಿ ಕಂಪನಿ ವ್ಯವಹಾರವನ್ನು ಮುಚ್ಚಿಕೊಂಡು ಹೋಯಿತು.

ರಸ್ತೆ ಏಕಾಗಲಿಲ್ಲ? ಇಲ್ಲಿಗೆ ಕಥೆ ಹತ್ತಿಯಿಂದ ರಾಜ್ಯಾಡಳಿತಕ್ಕೆ ತಿರುಗುತ್ತದೆ. ಹತ್ತಿ ಬೆಳೆಯುತ್ತಿದ್ದ ಧಾರವಾಡ ಮುಂಬಯಿ ಪ್ರಾಂತದಲ್ಲಿತ್ತು. ಅದು ಇಳಿಯಬೇಕಾದ ಕರಾವಳಿ ಮದರಾಸು ಪ್ರಾಂತದಲ್ಲಿತ್ತು. ಮುಂಬಯಿಯ ಹತ್ತಿಗಾಗಿ ಮದರಾಸು ತನ್ನ ಬೊಕ್ಕಸದಿಂದ ಘಟ್ಟ ಕಡಿಯಬೇಕೆಂದರೆ ಯಾವ ಸರಕಾರಕ್ಕೆ ತಾನೆ ಹುಮ್ಮಸ್ಸು ಬಂದೀತು? ಮುಂಬಯಿಯ ವ್ಯಾಪಾರಿಗಳಿಗಾದರೂ ತಮ್ಮನ್ನು ಬಿಟ್ಟು ನೇರವಾಗಿ ಲಿವರ್‌ಪೂಲಿಗೆ ಹೋಗುವ ಬಂದರಿನ ಮೇಲೆ ಪ್ರೀತಿ ಉಕ್ಕುವ ಕಾರಣವಿರಲಿಲ್ಲ. ಲಂಡನ್ನಿನಲ್ಲಿ ಒತ್ತಾಯ ಹೆಚ್ಚಿತು. ಕಡೆಗೆ ಕಂಡ ಪರಿಹಾರವೆಂದರೆ ಬಂದರೂ ಹತ್ತಿಯೂ ಒಂದೇ ಸರಕಾರದ ಕೈಗೆ ಬರುವಂತೆ ಮಾಡುವುದು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಕುಂದಾಪುರ ಮತ್ತು ಅದರ ದಕ್ಷಿಣಕ್ಕಿದ್ದ ಭಾಗ ಮದರಾಸಿನಲ್ಲಿಯೇ ಉಳಿಯಿತು.

ಈ ಒಂದು ವಾಕ್ಯದ ಭಾರವನ್ನು ನಾವು ಸಾಮಾನ್ಯವಾಗಿ ಗಮನಿಸುವುದಿಲ್ಲ. ಭಟ್ಕಳಕ್ಕೂ ಬೈಂದೂರಿಗೂ ನಡುವೆ ಹತ್ತಿಯ ಲೆಕ್ಕದಲ್ಲಿ ಎಳೆದ ಆ ಗೆರೆ 1956ರ ವರೆಗೆ, ಅಂದರೆ 94 ವರ್ಷ, ಪ್ರಾಂತದ ಗಡಿಯಾಗಿ ಉಳಿಯಿತು. ಒಂದೇ ಬಗೆಯ ಮಳೆ, ಒಂದೇ ಕುಚ್ಚಲಕ್ಕಿ, ಒಂದೇ ಯಕ್ಷಗಾನದ ಚೆಂಡೆ. ಆದರೆ ಗೆರೆಯ ಈಚೆಗಿನ ಹುಡುಗ ಹೆಚ್ಚಿನ ಓದಿಗೆ ಧಾರವಾಡದ ಕಡೆಗೋ ಮುಂಬಯಿಯ ಕಡೆಗೋ ಮುಖ ಮಾಡಿದ. ಆಚೆಯವನು ಮಂಗಳೂರಿಗೂ ಮದರಾಸಿಗೂ. ಕಚೇರಿಯ ಪರಿಭಾಷೆ ಬೇರೆ, ಜಮೀನಿನ ಕಾಯಿದೆ ಬೇರೆ, ಶಾಲೆಯ ಪುಸ್ತಕ ಬೇರೆ. ನಮ್ಮ ಅಜ್ಜ, ಭಟ್ಕಳದ ದಕ್ಷಿಣಕ್ಕೆ ಹೆಣ್ಣು ಕೊಟ್ಟವರನ್ನು ಕುರಿತು "ಮದರಾಸಿಗೆ ಕೊಟ್ಟರು" ಎನ್ನುತ್ತಿದ್ದರು. ಚಿಕ್ಕಂದಿನಲ್ಲಿ ನಾನು ಆ ಹೆಣ್ಣುಮಗಳು ರೈಲು ಹತ್ತಿ ಎರಡು ದಿನದ ದೂರಕ್ಕೆ ಹೋದಳೆಂದೇ ತಿಳಿದಿದ್ದೆ. ಅವಳು ಹೋದದ್ದು ಬೈಂದೂರಿಗೆ.

ಹೊಸ ಒಡೆತನದಲ್ಲಿ ಕಾರವಾರ ಬೆಳೆಯಿತು. ಜಿಲ್ಲೆಯ ಕೇಂದ್ರವಾಯಿತು, ದೇವಗಡದ ಮೇಲೆ ದೀಪಸ್ತಂಭ ಬಂತು, ಕೈಗಾ ಘಟ್ಟದ ದಾರಿಯೂ ಅರಬೈಲು ಘಟ್ಟದ ದಾರಿಯೂ ಸಿದ್ಧವಾದವು. ಸತ್ಯೇಂದ್ರನಾಥ ಠಾಕೂರರು ಇಲ್ಲಿ ನ್ಯಾಯಾಧೀಶರಾಗಿದ್ದಾಗ ತಮ್ಮ ರವೀಂದ್ರನಾಥರು ಬಂದು ಉಳಿದು, ಇಲ್ಲಿಯ ಕಡಲನ್ನು ನೋಡುತ್ತ ಒಂದು ನಾಟಕವನ್ನೇ ಬರೆದರು. ಕಾರವಾರದವರು ಇದನ್ನು ಇಂದಿಗೂ ನೆನೆಯುತ್ತಾರೆ, ನೆನೆಯಬೇಕಾದದ್ದೇ. ಆದರೆ ಹತ್ತಿ? ಅಮೆರಿಕದ ಯುದ್ಧ 1865ರಲ್ಲಿ ನಿಂತಿತು, ಬೆಲೆ ಕುಸಿಯಿತು. ದಾರಿಯಾದ ಮಾತ್ರಕ್ಕೆ ಸರಕು ತಟ್ಟನೆ ಕಾರವಾರಕ್ಕೆ ತಿರುಗಲಿಲ್ಲ. ಕುಮಟೆಯ ಪೇಟೆ ಬಹುಕಾಲ ತನ್ನ ಕೆಲಸವನ್ನು ತಾನು ನಡೆಸಿಕೊಂಡೇ ಹೋಯಿತು. ನನಗೆ ತೋರುವ ಕಾರಣ ಮೊದಲೇ ಹೇಳಿದ ಆ ಮರಳು ಹೇರು. ಹೇವುಡ್ಡನ ಲೆಕ್ಕದಲ್ಲಿ ಘಟ್ಟ ಇಳಿಯುವ ಹತ್ತಿಯಿತ್ತು, ಘಟ್ಟ ಹತ್ತುವ ಉಪ್ಪಿರಲಿಲ್ಲ. ಅವನು ಜಾಗವನ್ನು ನೋಡಿದ್ದು ಹಡಗಿನ ಅಟ್ಟದ ಮೇಲೆ ನಿಂತು.

ಇನ್ನು ಉಳಿದಿದ್ದ ಆಸೆಯೆಂದರೆ ರೈಲು. ಕಾರವಾರದಿಂದ ಹುಬ್ಬಳ್ಳಿಗೆ ರೈಲು ಬಂದರೆ ಉಪ್ಪು, ಎತ್ತು, ಮೇವು ಎಂಬ ಹಳೆಯ ಲೆಕ್ಕವೇ ಬೇಡ. ಮಾರ್ಗವನ್ನು ಅಳೆದರು, ವರದಿ ಬರೆದರು, ಖರ್ಚು ನೋಡಿ ಹಿಂಜರಿದರು, ಮತ್ತೆ ಅಳೆದರು. ಅಷ್ಟರಲ್ಲಿ 1876ರಿಂದ 1878ರ ವರೆಗಿನ ಭೀಕರ ಬರ ಬಂತು. ದಕ್ಷಿಣ ಮಹಾರಾಷ್ಟ್ರ ಮತ್ತು ಕರ್ನಾಟಕದ ಸೀಮೆಗೆ ರೈಲು ಬೇಕೇಬೇಕೆಂಬುದು ಆಗ ಯಾರೂ ವಾದಿಸಬೇಕಾಗಿಲ್ಲದ ಸತ್ಯವಾಯಿತು. ಆದರೆ ಅದು ಕಡಲನ್ನು ಸೇರಿದ್ದು ಕಾರವಾರದಲ್ಲಲ್ಲ. 1878ರಲ್ಲಿ ಬ್ರಿಟಿಷರೂ ಪೋರ್ಚುಗೀಸರೂ ಒಂದು ಒಪ್ಪಂದ ಮಾಡಿಕೊಂಡರು. ಗೋವೆಯ ಮರ್ಮಗೋವಾದಲ್ಲಿ ಬಂದರು ಕಟ್ಟುವುದು, ಅಲ್ಲಿಂದ ಘಟ್ಟ ಹತ್ತಿಸಿ ಬ್ರಿಟಿಷ್ ಸೀಮೆಗೆ ರೈಲು ಬೆಸೆಯುವುದು. ಬಂಡವಾಳಕ್ಕೆ ಬಡ್ಡಿಯ ಖಾತರಿ ಪೋರ್ಚುಗಲ್ಲಿನದು. 1888ರ ಹೊತ್ತಿಗೆ ಆ ಮಾರ್ಗ ಕ್ಯಾಸಲ್‌ರಾಕಿನಲ್ಲಿ ದಕ್ಷಿಣ ಮರಾಠಾ ರೈಲ್ವೆಯನ್ನು ಕೂಡಿತು. ಕ್ಯಾಸಲ್‌ರಾಕ್ ಇರುವುದಾದರೂ ಎಲ್ಲಿ? ಉತ್ತರ ಕನ್ನಡ ಜಿಲ್ಲೆಯಲ್ಲಿಯೇ. ಕಾರವಾರ ಬಯಸಿದ ರೈಲು ಕಾರವಾರದ ಜಿಲ್ಲೆಯ ತಲೆಯ ಮೇಲೆಯೇ ಹಾದು ಪಕ್ಕದ ದೇಶಕ್ಕೆ ಇಳಿಯಿತು. ಕುಮಟೆಯ ಹತ್ತಿಯೂ ಅದನ್ನು ಹಿಂಬಾಲಿಸಿತು. ಎರಡು ಊರುಗಳ ಸ್ಪರ್ಧೆಯಲ್ಲಿ ಗೆದ್ದದ್ದು ಮೂರನೆಯದು.

ಕಾರವಾರದ ನೀರನ್ನು ಮೆಚ್ಚಿದವರು ಮೋಸಹೋದರೆಂದು ಇದರಿಂದ ತಿಳಿಯಬಾರದು. ಹೆಚ್ಚುಕಡಿಮೆ ಒಂದು ಶತಮಾನ ಕಳೆದ ಮೇಲೆ ಭಾರತದ ನೌಕಾದಳ ಇದೇ ದಂಡೆಯ ಆಳವನ್ನೂ ಮರೆಯನ್ನೂ ನೋಡಿ ನೆಲೆಯನ್ನು ಆರಿಸಿತು; 1986ರಲ್ಲಿ ಶಂಕುಸ್ಥಾಪನೆಯಾಗಿ, 2005ರಲ್ಲಿ ಕದಂಬ ಎಂಬ ಹೆಸರಿನಿಂದ ಕಾರ್ಯಾರಂಭವಾಯಿತು. ನೌಕಾನೆಲೆಗೆ ಎತ್ತೂ ಬೇಡ, ಪೇಟೆಯೂ ಬೇಡ, ನೀರು ಸಾಕು. ಅದಕ್ಕೆ ಬೇಡವಾದದ್ದೆಂದರೆ ಅಲ್ಲಿ ಮೊದಲೇ ಇದ್ದ ಊರುಗಳು. ಆ ಊರುಗಳ ಮೀನುಗಾರರೂ ರೈತರೂ ಮನೆ ಬಿಟ್ಟು ಒಳನಾಡಿಗೆ ಸರಿದು, ಪರಿಹಾರಕ್ಕಾಗಿ ಕಚೇರಿಗಳ ಮೆಟ್ಟಿಲು ಹತ್ತಿದರು.

ರೈಲು ಕಡೆಗೂ ಕರಾವಳಿಗೆ ಬಂತು, ಆದರೆ ಬೇರೊಂದು ದಿಕ್ಕಿನಿಂದ. 1998ರ ಜನವರಿ 26ರಿಂದ ಪೂರ್ತಿಯಾಗಿ ತೆರೆದ ಕೊಂಕಣ ರೈಲ್ವೆ ಘಟ್ಟವನ್ನು ಇಳಿಯುವುದಿಲ್ಲ. ಘಟ್ಟದ ಬುಡದಲ್ಲಿ ಉತ್ತರ ದಕ್ಷಿಣವಾಗಿ ಓಡುತ್ತದೆ. ವೇಗಕ್ಕಾಗಿ ಹಾಕಿದ ದಾರಿಗೆ ತಿರುವು ಕಡಿಮೆಯಿರಬೇಕು, ಏರಿಳಿತ ಕಡಿಮೆಯಿರಬೇಕು. ಊರುಗಳೇನೋ ತಮಗೆ ತೋಚಿದಲ್ಲಿ ಬೆಳೆದಿವೆ. ಆದ್ದರಿಂದ ಕಾರವಾರದ ನಿಲ್ದಾಣ ಶಿರವಾಡದಲ್ಲಿ, ಕುಂದಾಪುರದ್ದು ಮೂಡ್ಲಕಟ್ಟೆಯಲ್ಲಿ, ಉಡುಪಿಯದು ಇಂದ್ರಾಳಿಯಲ್ಲಿ. ಗೋಕರ್ಣದ ನಿಲ್ದಾಣಕ್ಕೆ ಗೋಕರ್ಣ ರೋಡ್ ಎಂದೇ ಹೆಸರು, ದೂರದ ಸೂಚನೆ ಹೆಸರಿನಲ್ಲೇ ಇದೆ. ಇಂಜಿನಿಯರುಗಳನ್ನು ನಾನು ದೂರುವುದಿಲ್ಲ. ಅಷ್ಟು ಸೇತುವೆ, ಅಷ್ಟು ಸುರಂಗಗಳ ಕೆಲಸವನ್ನು ಅಷ್ಟು ಬೇಗ ಮುಗಿಸಿದ್ದು ಸಾಮಾನ್ಯ ಸಾಧನೆಯಲ್ಲ. ಆದರೆ ಒಂದು ಮಳೆಗಾಲದ ಬೆಳಗಿನ ಜಾವ ಅಂಥ ಒಂದು ನಿಲ್ದಾಣದಲ್ಲಿ ನಾನೂ ನನ್ನ ಹೆಂಡತಿಯೂ ಇಳಿದೆವು. ರೈಲು ಹೊತ್ತಿಗೆ ಸರಿಯಾಗಿ ಬಂದಿತ್ತು. ಹೊರಗೆ ಬಸ್ಸಿರಲಿಲ್ಲ, ಇದ್ದ ಎರಡು ಆಟೋಗಳು ನಮಗಿಂತ ಚುರುಕಾದ ಕಾಲಿನವರ ಪಾಲಾದವು. ಒಂದೂವರೆ ಗಂಟೆ ಕೊಡೆಯಡಿ ನಿಂತಾಗ ಹೆಂಡತಿ ಹೇಳಿದ ಮಾತು: "ಮುಂಬಯಿಯಿಂದ ಇಲ್ಲಿಗೆ ಬರುವುದು ಸುಲಭ ಮಾರಾಯರೇ, ಇಲ್ಲಿಂದ ಮನೆಗೆ ಹೋಗುವುದೇ ಕಷ್ಟ." ಹೇವುಡ್ಡನ ಯಂತ್ರಗಳು ಕಡಲತಡಿಯಲ್ಲಿ ಯಾಕೆ ಕೂತವೆಂಬುದು ನನಗೆ ಪೂರ್ತಿ ಅರ್ಥವಾದದ್ದು ಅಂದು.

ವಿಚಿತ್ರವೆಂದರೆ ಕುಮಟೆಯ ನಿಲ್ದಾಣ ಊರಿನ ಮಗ್ಗುಲಲ್ಲಿಯೇ ಇದೆ. ನೂರಹತ್ತು ವರ್ಷಗಳ ಹಿಂದೆ ರೈಲಿನಿಂದಾಗಿ ಸೊರಗಿದ ಊರಿಗೆ ರೈಲು ತಾನಾಗಿ ಬಂದು ಬಾಗಿಲು ತಟ್ಟಿತು. ಹುಬ್ಬಳ್ಳಿಯಿಂದ ಕಡಲಿಗೆ ಇಳಿಯಬೇಕಾದ ಮಾರ್ಗಕ್ಕೂ 1990ರ ದಶಕದ ಕೊನೆಗೆ ಒಪ್ಪಿಗೆ ಸಿಕ್ಕಿತು, ಈ ಸಲ ಅಂಕೋಲೆಗೆ. ಅದು ಯಲ್ಲಾಪುರದ ಕಾಡನ್ನು ಸೀಳಬೇಕಾದ್ದರಿಂದ ನ್ಯಾಯಾಲಯ, ಸಮಿತಿ, ಮರುಪರಿಶೀಲನೆಗಳ ನಡುವೆ ಸಿಕ್ಕಿಕೊಂಡಿತು. 1860ರ ದಶಕದವರು ಘಟ್ಟದ ಕಾಡನ್ನು ಖರ್ಚಿನ ಬಾಬ್ತಿನಲ್ಲಿ ಬರೆದರು. ನಾವು ಆಸ್ತಿಯ ಬಾಬ್ತಿನಲ್ಲಿ ಬರೆಯಲು ಕಲಿಯುತ್ತಿದ್ದೇವೆ. ಎರಡೂ ಕಡೆಯ ವಾದಗಳನ್ನು ಓದಿದ್ದೇನೆ. ಹುಬ್ಬಳ್ಳಿಯ ವ್ಯಾಪಾರಿಯ ಮಾತಿನಲ್ಲಿ ತಿರುಳಿಲ್ಲವೆಂದು ಹೇಳಲಾರೆ. ಆದರೆ ಮಳೆಗಾಲದಲ್ಲಿ ಕುಸಿಯುವ ಈ ಘಟ್ಟಗಳನ್ನು ಕಂಡವನಾದ್ದರಿಂದ ನನ್ನ ಮನಸ್ಸು ಕಾಡಿನ ಕಡೆಗೇ ವಾಲುತ್ತದೆ.

ಕುಮಟೆಗೆ ಸಮೀಪದ ತದಡಿಯಲ್ಲಿ, ಅಘನಾಶಿನಿಯ ಅಳಿವೆಯಲ್ಲಿ, ದೊಡ್ಡ ಬಂದರು ಮಾಡಬೇಕೆಂಬ ಮಾತು ಈ ಶತಮಾನದಲ್ಲಿ ಮತ್ತೆ ಮತ್ತೆ ಎದ್ದಿದೆ, ಮತ್ತೆ ಮತ್ತೆ ವಿರೋಧವನ್ನೂ ಕಂಡಿದೆ. ನಕಾಶೆಯನ್ನು ಹರಡಿ ನೋಡಿದರೆ ತದಡಿಗೆ ಎಲ್ಲ ಲಕ್ಷಣಗಳೂ ಇವೆ: ವಿಶಾಲವಾದ ಹಿನ್ನೀರು, ಹತ್ತಿರದಲ್ಲಿ ಹೆದ್ದಾರಿ, ಹತ್ತಿರದಲ್ಲೇ ರೈಲು. ನಕಾಶೆಯಲ್ಲಿ ಕಾಣದಿರುವುದು ಬೇರೆ ಇದೆ. ಉಪ್ಪುನೀರಿಗೆ ಬಾಗದ ಕಗ್ಗ ಭತ್ತ ಬೆಳೆಯುವ ಗಜನಿ ಗದ್ದೆಗಳು; ಸಾಣಿಕಟ್ಟಾದ ಅದೇ ಆಗರಗಳು; ಇಳಿತದ ಹೊತ್ತಿಗೆ ಸೊಂಟಮಟ್ಟದ ನೀರಿನಲ್ಲಿ ನಿಂತು ಬೆಳಚು ಹೆಕ್ಕುವ ಜನ.

ಒಮ್ಮೆ ತದಡಿಯ ದಡದಲ್ಲಿ ದೋಣಿಗಾಗಿ ಕಾಯುತ್ತಿದ್ದೆ. ಬೆಳಚಿನ ಬುಟ್ಟಿಯಿಟ್ಟುಕೊಂಡು ಕೂತಿದ್ದ ವಯಸ್ಸಾದ ಹೆಂಗಸನ್ನು, "ಅಮ್ಮಾ, ಬಂದರು ಮಾಡುತ್ತಾರೆಂದು ಅಳೆಯಲು ಬಂದವರು ನಿಮ್ಮನ್ನು ಏನಾದರೂ ಕೇಳಿದರೇ?" ಎಂದು ಕೇಳಿದೆ. ಅವಳು ನಕ್ಕು, "ಕೇಳಿದ್ರು ಒಡೆಯಾ. ನೀರು ಎಷ್ಟು ಆಳ ಇದೆ ಅಂತ ಕೇಳಿದ್ರು" ಎಂದಳು. ಅಷ್ಟರಲ್ಲಿ ದೋಣಿ ಬಂತು. ಅವಳು ಬುಟ್ಟಿಯನ್ನೆತ್ತಿ ತಲೆಯ ಮೇಲಿಟ್ಟುಕೊಂಡು ನನಗಿಂತ ಮೊದಲೇ ಹತ್ತಿ ಕೂತಳು.